ಸುಟ್ಟ ಫ್ರಿಜ್ಜನ್ನು ಗುಜರಿಗೆ ಹಾಕಬೇಡಿ



ಫ್ರಿಜ್ಜಿನ ಒಳದೋಷದಿಂದ ಬೆಂಕಿ ಹತ್ತಿ ಅಡುಗೆಮನೆ ಸುಟ್ಟಿತೆನ್ನಿ. ಅಂಗಡಿಯವರು ಬೇರೆ ಫ್ರಿಜ್ಜು ಕೊಟ್ಟರೂ ಮನೆಯ ನಷ್ಟ ತುಂಬುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೋಷವುಳ್ಳ ಸರಕಿನಿಂದ ಮನೆಗಾದ ಹಾನಿಗೂ ತಯಾರಕರನ್ನು ಹೊಣೆ ಮಾಡಬಹುದು.

ಆದರೆ ದೋಷವನ್ನು ರುಜುವಾತುಪಡಿಸಬೇಕಾದವರು ನಾವು. ಮಾದರಿ ಚೆಲ್ಲಿದ ಮೇಲೆ ಹಾಲಿನ ಜಿಡ್ಡಿನಾಂಶದ ತಕರಾರು ತೀರುವುದುಂಟೇ? ಇದೂ ಹಾಗೆಯೇ. ಆದ್ದರಿಂದ:

1. ಸುಟ್ಟ ಫ್ರಿಜ್ಜನ್ನು ಬಿಚ್ಚಿಸಬೇಡಿ, ಹಿಂದಿರುಗಿಸಬೇಡಿ. ಗ್ರಾಹಕ ಆಯೋಗವು ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು.
2. ಮನೆ ಶುಚಿ ಮಾಡುವ ಮೊದಲೇ ಫೋಟೋ ತೆಗೆಯಿರಿ. ಅಗ್ನಿಶಾಮಕ ಠಾಣೆಯ ವರದಿ, ಪಂಚನಾಮೆಯ ಪ್ರತಿ ಪಡೆಯಿರಿ.
3. ಬಿಲ್ಲು, ವಾರಂಟಿ ಕಾರ್ಡು, ಮನೆ ದುರಸ್ತಿಯ ಅಂದಾಜುಪಟ್ಟಿ ಜೋಪಾನವಾಗಿಡಿ.
4. ಅಂಗಡಿಗೂ ತಯಾರಕರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿ. “ಪೂರ್ಣ ಪರಿಹಾರ ಮುಟ್ಟಿದೆ” ಎಂಬ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ.

ಪರಿಹಾರ ಸಿಗದಿದ್ದಲ್ಲಿ 2 ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿ. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.