ಎರೆ ಹೊಲದ ಕಾವು: ಶಾಖ ಬೇರೆ, ಉಷ್ಣತೆ ಬೇರೆ

ರೋಣ, ನರಗುಂದ ತಾಲೂಕುಗಳ ಬಹುಭಾಗ ಎರೆಭೂಮಿ. ಗಜೇಂದ್ರಗಡದ ಗುಡ್ಡಗಳ ಮಗ್ಗುಲಿಗೆ ಹೋದಂತೆ ಮಸಾರಿ ಮಣ್ಣೂ ಸಿಗುತ್ತದೆ. ಎರಡಕ್ಕೂ ಬೀಳುವ ಬಿಸಿಲು ಒಂದೇ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆಂಬುದನ್ನು ಕರಿ ಕಂಬಳಿ ಹೊದ್ದು ಬಿಸಿಲಿಗೆ ನಿಂತವನಿಗೆ ಬೇರೆ ಹೇಳಬೇಕಾಗಿಲ್ಲ. ಹೀಗಿದ್ದರೂ ಹಿಂಗಾರಿ ಮಳೆಯ ನಂತರ ಬರಿಗಾಲಲ್ಲಿ ಅಡ್ಡಾಡಿದರೆ ಹಸಿ ಎರೆ ತಂಪಾಗಿಯೂ, ಬೇಗ ಆರಿದ ಮಸಾರಿ ಬೆಚ್ಚಗೂ ತಗಲುತ್ತವೆ. ಎರೆ ಹೀರಿದ ಬಿಸಿಲು ಎಲ್ಲಿ ಹೋಯಿತು? ಇದನ್ನು ತಿಳಿಯಲು ಶಾಖ ಮತ್ತು ಉಷ್ಣತೆ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು.

ಒಲೆಯಿಂದ ಸಿಡಿದ ಕಿಡಿ ಕೈಮೇಲೆ ಬಿದ್ದರೆ ಚುರ್ ಎಂದು ಆರಿಹೋಗುತ್ತದೆ. ಜಳಕದ ಹಂಡೆಯಲ್ಲಿ ಕುದಿಯುವ ನೀರು ಮೈಮೇಲೆ ಉರುಳಿದರೆ ಪ್ರಾಣಕ್ಕೇ ಸಂಚಕಾರ. ಕೆಂಪಗೆ ಕಾದ ಕಿಡಿಯ ಉಷ್ಣತೆ ನೂರಾರು ಡಿಗ್ರಿ; ಕುದಿಯುವ ನೀರಿನದು 100 ಡಿಗ್ರಿ ಸೆಂ. ದಾಟದು. ಆದರೆ ಕಿಡಿಯಲ್ಲಿರುವ ಶಾಖ ಅತ್ಯಲ್ಪ, ಹಂಡೆಯಲ್ಲಿರುವುದು ಅಪಾರ. ಉಷ್ಣತೆ ಎಂದರೆ ಕಾವಿನ ಮಟ್ಟ, ಶಾಖ ಎಂದರೆ ಕಾವಿನ ಮೊತ್ತ. ಬಾವಿಯಲ್ಲಿ ನೀರು ಎಷ್ಟು ಮೇಲಿದೆ ಎಂಬುದು ಒಂದು ಮಾತು, ಎಷ್ಟು ಕೊಡ ನೀರಿದೆ ಎಂಬುದು ಮತ್ತೊಂದು.

ಒಂದು ಕಿಲೋ ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು 1 ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣಮಣ್ಣಿಗೆ ಅದರ ಸುಮಾರು ಐದನೆಯ ಒಂದು ಪಾಲು, ಅಂದರೆ 0.2 ಸಾಕು. ಈಗ ಹೊಲದ ಲೆಕ್ಕ ನೋಡಬಹುದು. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂ.ಮೀ. ಆಳದವರೆಗಿನ ಒಣಮಣ್ಣು ಸುಮಾರು 120 ಕಿಲೋ ಎಂದು ಹಿಡಿದರೆ, ಅದರ ಉಷ್ಣತೆ 1 ಡಿಗ್ರಿ ಏರಲು 24 ಕಿಲೋಕ್ಯಾಲೊರಿ ಬೇಕು. ಚೆನ್ನಾಗಿ ನೆನೆದ ಎರೆ ತನ್ನ ತೂಕದ ನೂರಕ್ಕೆ 30 ಪಾಲು ನೀರು ಹಿಡಿದಿದ್ದರೆ 36 ಕಿಲೋ ನೀರು ಸೇರಿತು. ಆಗ ಬೇಕಾಗುವ ಶಾಖ 60 ಕಿಲೋಕ್ಯಾಲೊರಿ. ಅದೇ ಮಣ್ಣು, ಅದೇ ಬಿಸಿಲು; ಆದರೆ ನೆನೆದಾಗ ಎರಡೂವರೆ ಪಟ್ಟು ಶಾಖ ಬೇಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ನೀರು ಆವಿಯಾಗುವಾಗ ಕಿಲೋ ಒಂದಕ್ಕೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಹರವಿಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದು ಇದರಿಂದಲೇ. ಒಂದು ಚದರ ಮೀಟರಿನಿಂದ 1 ಮಿ.ಮೀ. ತೇವ ಆರಿತೆಂದರೆ ಹೋದದ್ದು 1 ಕಿಲೋ ನೀರು. ಅದಕ್ಕೆ ವೆಚ್ಚವಾದ ಶಾಖದಿಂದ ಮೇಲಿನ 10 ಸೆಂ.ಮೀ. ಹಸಿಮಣ್ಣನ್ನು ಹೆಚ್ಚುಕಡಿಮೆ 10 ಡಿಗ್ರಿ ಏರಿಸಬಹುದಿತ್ತು. ಎರೆ ಹೀರಿದ ಬಿಸಿಲು ಹೋದದ್ದು ಇಲ್ಲಿಗೆ. ತಂಪು ಸಿಕ್ಕಿತೆಂದು ಸಂತೋಷಪಡುವ ಮೊದಲು ಬೆಲೆಯನ್ನೂ ನೋಡಬೇಕು: 1 ಮಿ.ಮೀ. ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಬೀಳುವ ಮಳೆ ಮುಗಿದ ಮೇಲೆ ಬಿಳಿಜೋಳಕ್ಕೂ ಕಡಲೆಗೂ ಇರುವ ಆಸ್ತಿ ಆ ತೇವ ಒಂದೇ.

ಎಡೆ ಹೊಡೆಯುವುದರ ಗುಟ್ಟು

ಕಂಬಳಿ ತಾನಾಗಿ ಕಾವು ಕೊಡುವುದಿಲ್ಲ. ಅದರ ಎಳೆಗಳ ನಡುವೆ ನಿಂತ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡದು. ಎಡೆಕುಂಟೆಯಿಂದ ಸಡಿಲಾದ ಒಣಪದರವೂ ಹೊಲದ ಕಂಬಳಿಯೇ. ಮಧ್ಯಾಹ್ನ ಆ ಪುಡಿಮಣ್ಣು ಮುಟ್ಟಲಾರದಷ್ಟು ಕಾಯ್ದಿರುತ್ತದೆ. ಇದನ್ನು ಕಂಡು ಎಡೆ ಹೊಡೆದದ್ದರಿಂದ ಹೊಲ ಕಾಯಿತೆಂದು ಹೇಳುವವರಿದ್ದಾರೆ. ಬೆರಳು ಇನ್ನಷ್ಟು ಕೆಳಗೆ ಇಳಿಸಿದರೆ ಸಂಶಯ ನಿವಾರಣೆಯಾದೀತು. ಕಾವು ಮೇಲೆಯೇ ತಡೆದಿರುತ್ತದೆ. ಕೆಳಗಿನ ತೇವ ಮೇಲೇರುವ ದಾರಿಯೂ ಕಡಿದಿರುತ್ತದೆ.

ಎರೆಯ ದೊಡ್ಡ ಶತ್ರು ಬಿರುಕು. ಆಳದ ತೇವವನ್ನು ಗಾಳಿಗೆ ಒಡ್ಡುವ ಕಿಂಡಿಗಳವು. ಆದುದರಿಂದ ಹಿಂಗಾರಿ ಜೋಳದಲ್ಲಿ ಬಿತ್ತಿದ 3, 5 ಮತ್ತು 8ನೆಯ ವಾರಗಳಲ್ಲಿ ಎಡೆ ಹೊಡೆಯಬೇಕೆಂದು ಶಿಫಾರಸು ಇದೆ. ಮೊದಲನೆಯದು ಕಸಕ್ಕೆ, ಎರಡನೆಯದು ಮೇಲ್ಪದರ ಸಡಿಲಿಸಲು, ಮೂರನೆಯದು ಬಿರುಕು ಮುಚ್ಚಲು. ಎಂ. 35-1ರಂಥ ಜೋಳ ಕಾಳು ತುಂಬುವ ಹೊತ್ತಿಗೆ ಮಣ್ಣು ಒಣಗಿ ಕಾಯ್ದರೆ ಇದ್ದಿಲು ಕೊಳೆ ರೋಗದ ಶಿಲೀಂಧ್ರಕ್ಕೆ ಹಬ್ಬ. ಬುಡ ಟೊಳ್ಳಾಗಿ ಬೆಳೆ ನೆಲಕ್ಕೊರಗುತ್ತದೆ. ಕಾಳೂ ಹೋಯಿತು, ಕಣಕಿಯೂ ಕೆಟ್ಟಿತು. ಮೂರನೆಯ ಎಡೆಯನ್ನು ಬಿಟ್ಟುಬಿಡುವವರೇ ಹೆಚ್ಚು. ನಿಜವಾಗಿ ಬಿಡಬಾರದ್ದು ಅದೇ.

ಪತ್ರಿಕೆ, ರೇಡಿಯೋ ಹೇಳುವ ಉಷ್ಣತೆ ನೆರಳಿನಲ್ಲಿ ಸುಮಾರು ಎದೆಮಟ್ಟದಲ್ಲಿ ಅಳೆದ ಗಾಳಿಯದು, ಹೊಲದ್ದಲ್ಲ. ಬೇಸಿಗೆಯ ಒಣ ಎರೆಯ ಮೇಲ್ಮೈ 60 ಡಿಗ್ರಿ ಮೀರಬಲ್ಲದು. ಆದರೆ ಆ ಏರಿಳಿತ ಆಳಕ್ಕಿಳಿದಂತೆ ಬೇಗ ಕುಗ್ಗುತ್ತದೆ. ಮೇಲ್ಮೈಯಲ್ಲಿ ಹಗಲು-ರಾತ್ರಿಗಳ ಅಂತರ 30 ಡಿಗ್ರಿ ಇದ್ದರೆ ಒಂದು ಗೇಣು ಕೆಳಗೆ ನಾಲ್ಕೈದು ಡಿಗ್ರಿ, ಒಂದು ಮೊಳ ಕೆಳಗೆ ಅರ್ಧ ಡಿಗ್ರಿಯ ಆಸುಪಾಸು. ಹಗಲಿನ ಕಾವು ಗೇಣಿನ ಆಳಕ್ಕೆ ಮುಟ್ಟುವಷ್ಟರಲ್ಲಿ ಮೇಲೆ ಕತ್ತಲಾಗಿರುತ್ತದೆ.

ಹಗೇವು ಮತ್ತು ರಾಶಿ

ಈ ಭಾಗದ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬುತ್ತಿದ್ದುದರ ಹಿಂದೆ ಇದೇ ತತ್ವವಿದೆ. ಆಳದಲ್ಲಿ ಹಗಲು-ರಾತ್ರಿಗಳಿಲ್ಲ. ಮುಚ್ಚಿದ ಮೇಲೆ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಕಡಿಮೆಯಾಗುವುದರಿಂದ ಹುಳುವೂ ಬಾಳದು. ಆ ಗಾಳಿ ಮನುಷ್ಯನಿಗೂ ಅಷ್ಟೇ ಮಾರಕ. ಹಳೆಯ ಹಗೇವಿನ ಬಾಯಿ ತೆರೆದು ಸಾಕಷ್ಟು ಗಾಳಿಯಾಡಿಸದೆ ಯಾರೂ ಇಳಿಯಕೂಡದು.

ಉಸಿರಾಡುವ ಕಾಳು ಶಾಖವನ್ನೂ ಹೊರಬಿಡುತ್ತದೆ. ಒಣಕಾಳಿನಲ್ಲಿ ಅದು ಲೆಕ್ಕಕ್ಕಿಲ್ಲ, ಹಸಿಕಾಳಿನಲ್ಲಿ ಬಹಳ. ಮಳೆಗೆ ಸಿಕ್ಕ ಹೆಸರನ್ನು ಅವಸರದಿಂದ ಚೀಲಕ್ಕೆ ತುಂಬಿ ಒಟ್ಟಿದರೆ ಆಗುವುದು ಇದು. ಕಾಳಿನ ರಾಶಿಯೂ ಕಂಬಳಿಯಂತೆ ಶಾಖವನ್ನು ಹೊರಗೆ ಬಿಡದು. ನಡುವಿನ ಕಾಳು ಕಾವು ಹಿಡಿದು, ಬೂಷ್ಟು ಬಂದು, ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಮೇಲಿನ ಚೀಲ ಬಿಚ್ಚಿ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಬೀಜಕ್ಕೆಂದು ಇಟ್ಟ ಹೆಸರಾದರೆ ಮುಂದಿನ ಮುಂಗಾರಿನ ಬಿತ್ತನೆಯೇ ಕೆಟ್ಟಂತೆ.

ಪರೀಕ್ಷೆಗೆ ಉಷ್ಣಮಾಪಕವೇ ಬೇಕೆಂದಿಲ್ಲ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿನವರೆಗೆ ಚುಚ್ಚಿ ಹತ್ತು-ಹದಿನೈದು ನಿಮಿಷ ಬಿಡಬೇಕು. ಕಬ್ಬಿಣ ಶಾಖವನ್ನು ಬೇಗ ಹೀರಿ ರಾಶಿಯ ಉಷ್ಣತೆಗೆ ಬರುತ್ತದೆ. ಹೊರತೆಗೆದು ತುದಿಯನ್ನು ಕೂಡಲೇ ಅಂಗೈಯಲ್ಲಿ ಹಿಡಿದಾಗ ಬೆಚ್ಚಗೆ ತಗಲಿದರೆ ಅದೇ ದಿನ ಚೀಲ ಬಿಚ್ಚಿ ಕಾಳನ್ನು ಕಣದಲ್ಲಿ ತೆಳ್ಳಗೆ ಹರವಬೇಕು, ಸಂಜೆ ಅದು ತಣಿದ ಮೇಲೆಯೇ ಮತ್ತೆ ತುಂಬಬೇಕು.