ಗ್ರಾಮದಲ್ಲಿ ಗಣಕಯಂತ್ರ ಬಳಕೆದಾರರ ಸಂಘ: ಅದನ್ನು ಸ್ವಾರಸ್ಯವಾಗಿ ನಡೆಸುವ ಕ್ರಮ

(ಮಾಣಿಕನಗರದ ಸುತ್ತಣ ಗ್ರಾಮಗಳ ಮುಖಂಡರಿಗೂ ಭೂಮಾಲಿಕರಿಗೂ)

ಬೀದರ ಜಿಲ್ಲೆಯ ಹುಮನಾಬಾದಿಗೆ ಸಮೀಪದಲ್ಲಿರುವ ಮಾಣಿಕನಗರವು ಶ್ರೀ ಮಾಣಿಕಪ್ರಭುಗಳ (1817–1865) ಸಂಸ್ಥಾನದಿಂದ ಪ್ರಸಿದ್ಧವಾದುದು. ಅಲ್ಲಿಂದ ಬಸವಕಲ್ಯಾಣದ ಕಡೆಗೆ ಹಬ್ಬಿರುವ ಗ್ರಾಮಗಳಲ್ಲಿ ತೊಗರಿ, ಉದ್ದು, ಹೆಸರು, ಸೋಯಾ, ಕಡಲೆ, ಜೋಳ, ಕಬ್ಬು ಇವೇ ಮುಖ್ಯ ಬೆಳೆಗಳು. ಈ ಪ್ರಾಂತದ ರೈತನು ತನ್ನ ಭೂಮಿಯ ಗುಣವನ್ನೂ ಮಳೆಯ ನಡೆಯನ್ನೂ ಚೆನ್ನಾಗಿ ಬಲ್ಲನು. ಆದರೆ ಅವನ ಹೊಲದ ಹಕ್ಕು, ಸಾಲ, ವಿಮೆ, ಸಹಾಯಧನ ಇವೆಲ್ಲವೂ ಈಗ ಗಣಕಯಂತ್ರದೊಳಗೆ ಸೇರಿಹೋಗಿವೆ. ಅದನ್ನು ಓದಲರಿಯದವನು ತನ್ನ ಸ್ವತ್ತಿನ ವಿಷಯದಲ್ಲಿಯೇ ಪರಾಧೀನನಾಗುವನು. ಆದಕಾರಣ ಗ್ರಾಮಸ್ಥರು ಕೂಡಿ ಇದನ್ನು ಕಲಿಯುವುದಕ್ಕೆ ಒಂದು ಸಂಘವನ್ನು ಏರ್ಪಡಿಸಿಕೊಳ್ಳುವುದು ಅತ್ಯಾವಶ್ಯಕವಾಗಿದೆ.

ಆವಶ್ಯಕತೆ. — ಕರ್ನಾಟಕದಲ್ಲಿ ಹಿಂದೆ ಸುಮಾರು 9,000 ಮಂದಿ ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿಗಳು ‘ಭೂಮಿ’ ಎಂಬ ಯೋಜನೆಯಿಂದ 2000ನೆಯ ಇಸವಿಯ ಸುಮಾರಿಗೆ ಗಣಕಯಂತ್ರಕ್ಕೆ ಏರಿದವು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಹೀಗೆ ದಾಖಲಾದವು. ಇದರಿಂದ ರೈತರಿಗೆ ದೊಡ್ಡ ಉಪಕಾರವಾದುದು ನಿಜ. ಆದರೂ ಪಹಣಿಯಲ್ಲಿ ‘ಶಿವಪ್ಪ’ ಎಂದೂ ಆಧಾರ್ ಚೀಟಿಯಲ್ಲಿ ‘ಶಿವರಾಜ’ ಎಂದೂ ಇದ್ದರೆ ಯಂತ್ರವು ಇವರಿಬ್ಬರೂ ಒಬ್ಬನೇ ಎಂದು ಊಹಿಸಲಾರದು. ಬರಬೇಕಾದ ಹಣವು ನಿಂತುಹೋಗುವುದು.

ಬೆಳೆ ವಿಮೆಯ ವಿಷಯವೂ ಹೀಗೆಯೇ. 2016ರಿಂದ ನಡೆದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನು ಮುಂಗಾರಿನಲ್ಲಿ ವಿಮೆಯ ಮೊತ್ತಕ್ಕೆ ಹೆಚ್ಚೆಂದರೆ ನೂರಕ್ಕೆ 2ರಂತೆಯೂ ಹಿಂಗಾರಿನಲ್ಲಿ ನೂರಕ್ಕೆ 1½ಯಂತೆಯೂ ಕಂತನ್ನು ಕೊಡತಕ್ಕದ್ದು. ಆದರೆ ಆಲಿಕಲ್ಲಿನ ಮಳೆಯಂಥ ಸ್ಥಳೀಯ ವಿಪತ್ತಿನಿಂದ ನಷ್ಟವಾದಾಗ 72 ಗಂಟೆಗಳೊಳಗಾಗಿ ತಿಳಿಸಬೇಕೆಂಬ ನಿಯಮವುಂಟು. ಶುಕ್ರವಾರ ಸಂಜೆ ಆಲಿಕಲ್ಲು ಬಿದ್ದರೆ ಸೋಮವಾರ ಸಂಜೆಗೆ ಅವಧಿ ತೀರಿತು. ಮಂಗಳವಾರದ ದಿನ ಯಾರನ್ನಾದರೂ ವಿಚಾರಿಸೋಣವೆಂದು ಕುಳಿತವನಿಗೆ ವರ್ಷದ ದುಡಿಮೆಯ ಪರಿಹಾರವು ಕೈತಪ್ಪುವುದು. ಮನೆಯಲ್ಲಿಯೇ ಕೈಫೋನಿದ್ದೂ ಅದರಿಂದ ಸುದ್ದಿ ಕಳುಹಿಸಲರಿಯದೆ ನಷ್ಟಪಡುವುದಕ್ಕಿಂತ ಶೋಚನೀಯವಾದುದು ಬೇರೆ ಯಾವುದಿದೆ?

ಹಿಂದಿನ ನಿದರ್ಶನಗಳು. — ಕೂಡಿ ಮಾಡುವ ಕೆಲಸವು ಕನ್ನಡ ನಾಡಿಗೆ ಹೊಸತಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿ ದೇಶಕ್ಕೆ ಮಾರ್ಗದರ್ಶಕರಾದರು. ಗ್ರಾಮದ ಮುಖಂಡನೊಬ್ಬನು ಮುಂದೆ ಬಂದುದರಿಂದಲೇ ಆ ಕಾರ್ಯವು ಕೈಗೂಡಿತು.

ಗಣಕಯಂತ್ರದ ಸಂಘಗಳಲ್ಲಿ ಅಮೆರಿಕಾ ದೇಶದ ‘ಹೋಂಬ್ರೂ ಕಂಪ್ಯೂಟರ್ ಕ್ಲಬ್’ ಎಂಬುದು ಪ್ರಖ್ಯಾತವಾದುದು. ಇದು 1975ರ ಮಾರ್ಚಿ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಮೋಟಾರು ಕೊಟ್ಟಿಗೆಯಲ್ಲಿ ಆರಂಭವಾಯಿತು. ಅಲ್ಲಿ ಕೂಡಿದವರಲ್ಲಿ ಒಬ್ಬರಾದ ಸ್ಟೀವ್ ವಾಸ್ನಿಯಾಕರು ಮುಂದೆ ಆಪಲ್ ಯಂತ್ರವನ್ನು ರಚಿಸಿದರು. ಆ ಸಂಘದ ಸಭೆಗಳು ಬೇಸರವಿಲ್ಲದೆ ನಡೆದುದಕ್ಕೆ ಅವುಗಳ ಕ್ರಮವೇ ಒಂದು ಮುಖ್ಯ ಕಾರಣ. ಮೊದಲು ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮಲ್ಲಿ ಏನಿದೆ, ತಮಗೆ ಏನು ಬೇಕು ಎಂಬುದನ್ನು ಸಾರುತ್ತಿದ್ದರು. ಬಳಿಕ ಸಭೆಯನ್ನು ಸಡಿಲಿಸಿದಾಗ ಬೇಕಾದವನು ಬಲ್ಲವನನ್ನು ಹುಡುಕಿಕೊಂಡು ಹೋಗುತ್ತಿದ್ದನು. ಈ ಕ್ರಮವು ಹಳ್ಳಿಯ ಕಟ್ಟೆಗೂ ಚೆನ್ನಾಗಿ ಒಗ್ಗುವುದು.

ಸ್ಥಳ ಮತ್ತು ಸಲಕರಣೆ. — ಆರಂಭದಲ್ಲಿ ಹೆಚ್ಚು ವೆಚ್ಚ ಮಾಡುವುದು ಯುಕ್ತವಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಾಗಲಿ ‘ಅರಿವು ಕೇಂದ್ರ’ದಲ್ಲಾಗಲಿ ಯಂತ್ರವಿದ್ದರೆ ಅಪ್ಪಣೆ ಪಡೆದು ಅಲ್ಲಿಯೇ ಕೂಡಬಹುದು, ಇಲ್ಲವಾದರೆ ಶಾಲೆಯ ಒಂದು ಕೊಠಡಿಯೂ ಸದಸ್ಯರ ಕೈಫೋನುಗಳೂ ಸಾಕು. ವಿದ್ಯುತ್ತು ನಿಲ್ಲುವುದುಂಟಾದ್ದರಿಂದ ಆ ದಿನಕ್ಕೆ ಬೇಕಾದ ಪಾಠವನ್ನು ಕರಿಯ ಹಲಗೆಯ ಮೇಲೂ ಬರೆದಿಡತಕ್ಕದ್ದು.

ಸಭೆಯ ದಿನ. — ಹದಿನೈದು ದಿನಗಳಿಗೊಮ್ಮೆ, ಒಂದೇ ವಾರ, ಒಂದೇ ಹೊತ್ತಿಗೆ ಸೇರುವುದು ಲೇಸು. ಸಂತೆಯ ದಿನವನ್ನೂ, ಮಾರ್ಗಶಿರ ಮಾಸದಲ್ಲಿ ಮಾಣಿಕನಗರಕ್ಕೆ ಜನರು ದತ್ತಜಯಂತಿಗೆ ನೆರೆಯುವ ದಿನಗಳನ್ನೂ ಬಿಡಬೇಕು. ಒಂದು ಸಭೆಯು ಒಂದೂವರೆ ಗಂಟೆಯನ್ನು ಮೀರಬಾರದು: ಮೊದಲ ಕಾಲು ಗಂಟೆಯಲ್ಲಿ ಮೇಲೆ ಹೇಳಿದ ಸರದಿ, ಅನಂತರ ಅರ್ಧ ಗಂಟೆ ಒಂದೇ ವಿಷಯದ ಪಾಠ, ಉಳಿದ ಮುಕ್ಕಾಲು ಗಂಟೆ ಕೈಕೆಲಸ. ಉಪನ್ಯಾಸವು ಬೆಳೆದಷ್ಟೂ ಜನರು ಕರಗುವರು. ಕೈಕೆಲಸವು ಬೆಳೆದಷ್ಟೂ ಜನರು ಕೂಡುವರು.

ಋತುಮಾನದ ಪಾಠಗಳು. — ಯಂತ್ರದ ಭಾಗಗಳ ವರ್ಣನೆಯಿಂದ ಪಾಠವನ್ನು ತೊಡಗಿಸಬಾರದು. ರೈತನಿಗೆ ಆ ತಿಂಗಳಲ್ಲಿ ಬೇಕಾದ ಕೆಲಸದಿಂದಲೇ ತೊಡಗಿಸಬೇಕು.

1. ಬಿತ್ತನೆಗೆ ಮುಂಚೆ: ಪ್ರತಿಯೊಬ್ಬನೂ ತನ್ನ ಪಹಣಿಯನ್ನು ತೆರೆದು ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳನ್ನು ಓದುವುದು, ‘ಫ್ರೂಟ್ಸ್’ ದಾಖಲೆಯಲ್ಲಿ ತನ್ನ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ನೋಡುವುದು.

2. ಮುಂಗಾರಿನ ಬೆಳೆ ನಿಂತಾಗ: ಬೆಳೆ ಸಮೀಕ್ಷೆಯನ್ನು ರೈತನೇ ಫೋಟೋ ತೆಗೆದು ದಾಖಲಿಸುವ ಅನುಕೂಲವು 2020ರಲ್ಲಿ ಒದಗಿತು. ತೊಗರಿ ಬಿತ್ತಿದ ಹೊಲವು ಸೋಯಾ ಎಂದು ದಾಖಲಾದರೆ ವಿಮೆಗೂ ಬೆಂಬಲ ಬೆಲೆಯ ಮಾರಾಟಕ್ಕೂ ತೊಡಕುಂಟಾಗುವುದು. ಆದ್ದರಿಂದ ಈ ಪಾಠವನ್ನು ಹೊಲದಲ್ಲಿಯೇ ನಡೆಸುವುದು ಉತ್ತಮ.

3. ಕಟಾವಿನ ಕಾಲದಲ್ಲಿ: ಹುಮನಾಬಾದು, ಬಸವಕಲ್ಯಾಣ, ಬೀದರ, ಕಲಬುರಗಿ ಮಾರುಕಟ್ಟೆಗಳ ಧಾರಣೆಗಳನ್ನು ಹೋಲಿಸಿ, ಸಾಗಣೆಯ ವೆಚ್ಚವನ್ನು ಕಳೆದು, ಎಲ್ಲಿ ಮಾರುವುದು ಲಾಭವೆಂದು ಲೆಕ್ಕ ಹಾಕುವುದು.

4. ಬೇಸಗೆಯಲ್ಲಿ: ಖರ್ಚುವೆಚ್ಚದ ಪಟ್ಟಿ, ಕನ್ನಡದಲ್ಲಿ ಅರ್ಜಿ ಬರೆಯುವಿಕೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವೂ ಇದನ್ನು ಸುಲಭ ಮಾಡಿವೆ.

ಹಿರಿಯರಿಗೂ ಕಿರಿಯರಿಗೂ ಕೆಲಸ. — ಶಾಲೆಯ ಹುಡುಗರು ಬೆರಳಿನ ಚಳಕದಲ್ಲಿ ಮುಂದು. ಹೊಲದ ಎಲ್ಲೆಗಳನ್ನೂ ಮನೆತನದ ಹಿಸ್ಸೆಗಳನ್ನೂ ಬಲ್ಲವರು ಹಿರಿಯರು. ಹಿರಿಯರನ್ನು ಬರಿಯ ವಿದ್ಯಾರ್ಥಿಗಳನ್ನಾಗಿ ಕುಳ್ಳಿರಿಸಿದರೆ ಅವರು ಸಂಕೋಚಪಟ್ಟು ಎರಡನೆಯ ಸಭೆಗೆ ಬಾರರು. ಈ ಪ್ರಾಂತವು ಹಿಂದೆ ಹೈದರಾಬಾದಿಗೆ ಸೇರಿದ್ದು 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಕೂಡಿದುದರಿಂದ, ಅನೇಕ ಮನೆಗಳ ಹಳೆಯ ಭೂಪತ್ರಗಳು ಉರ್ದುವಿನಲ್ಲಿವೆ. ಉರ್ದು ಬಲ್ಲ ವೃದ್ಧರು ಅವನ್ನು ಓದಿ ಹೇಳುವುದು, ಹುಡುಗರು ಚಿತ್ರ ತೆಗೆದು ಕನ್ನಡದ ಪಹಣಿಯೊಡನೆ ಹೋಲಿಸಿಡುವುದು, ಇದು ಸಂಘವು ಮಾಡಬಹುದಾದ ಒಂದು ಶ್ರೇಷ್ಠ ಕಾರ್ಯ. ಆ ಅಕ್ಷರವನ್ನು ಓದಬಲ್ಲವರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿರುವುದರಿಂದ ಇದರಲ್ಲಿ ವಿಳಂಬ ಸಲ್ಲದು.

ಸ್ತ್ರೀಯರಿಗಾಗಿ ಹಗಲು ಹೊತ್ತಿನಲ್ಲಿ ಪ್ರತ್ಯೇಕವಾದ ಒಂದು ಸಭೆಯಿರಲಿ. ಸ್ವಸಹಾಯ ಗುಂಪುಗಳ ಲೆಕ್ಕವನ್ನು ಯಂತ್ರದಲ್ಲಿ ಬರೆಯುವುದೇ ಅವರಿಗೆ ಮೊದಲ ಪಾಠವಾಗಬಹುದು.

ಎಚ್ಚರಿಕೆಗಳು. — ಒಬ್ಬನ ಗುಪ್ತಸಂಖ್ಯೆಯನ್ನಾಗಲಿ, ಫೋನಿಗೆ ಬರುವ ಒಂದು ಸಲದ ಸಂಖ್ಯೆಯನ್ನಾಗಲಿ ಸಂಘದ ಕಾರ್ಯದರ್ಶಿಯೂ ಕೇಳಕೂಡದು. ಕಲಿಸುವವನು ಕಲಿಯುವವನ ಕೈಯಿಂದಲೇ ಒತ್ತಿಸಬೇಕು. ತಾನೇ ಮಾಡಿಕೊಟ್ಟರೆ ಹಳೆಯ ದಲ್ಲಾಳಿಯ ಸ್ಥಾನಕ್ಕೆ ಹೊಸ ದಲ್ಲಾಳಿಯು ಬಂದಂತಾಯಿತು. ಮೋಸದಿಂದ ಹಣ ಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ತಿಳಿಸತಕ್ಕದ್ದು. ಬೆಳೆಯ ರೋಗದ ವಿಷಯದಲ್ಲಿ ಯಂತ್ರದಲ್ಲಿ ಕಂಡುದನ್ನೆಲ್ಲ ನಂಬದೆ, ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ ಬೀದರಿನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಿಯೇ ಔಷಧ ಸಿಂಪಡಿಸಬೇಕು.

ಲೆಕ್ಕಪತ್ರ. — ಅಲ್ಪವಾದರೂ ಸದಸ್ಯ ಶುಲ್ಕವಿರಲಿ. ಪುಕ್ಕಟೆಯಾಗಿ ಬಂದುದಕ್ಕೆ ಜನರಲ್ಲಿ ಆದರ ಕಡಮೆ. ಪ್ರತಿ ಸಭೆಯಲ್ಲಿಯೂ ಜಮಾಖರ್ಚನ್ನು ಓದತಕ್ಕದ್ದು. ಇದಲ್ಲದೆ ಮತ್ತೊಂದು ಪುಸ್ತಕದಲ್ಲಿ ಆ ದಿನ ಯಾರ ಯಾವ ತೊಡಕು ಬಿಡಿಸಲ್ಪಟ್ಟಿತು, ಯಾವುದು ಉಳಿಯಿತು ಎಂಬುದನ್ನು ಬರೆದಿಡಬೇಕು. ಉಳಿದುದೇ ಮುಂದಿನ ಸಭೆಯ ಮೊದಲ ವಿಷಯವಾಗುವುದು. ತನ್ನ ಪ್ರಶ್ನೆಯು ಬಾಕಿಯಿರುವವನು ತಪ್ಪದೆ ಬರುವನು. ಬಿಡಿಸಿಕೊಂಡವನು ನೆರೆಯವನನ್ನು ಕರೆತರುವನು.

ಗ್ರಾಮದ ಮುಖಂಡರು ಮೊದಲ ಸಭೆಯಲ್ಲಿ ತಾವೇ ಮುಂದೆ ಕುಳಿತು ತಮ್ಮ ಪಹಣಿಯನ್ನು ಎಲ್ಲರೆದುರಿಗೆ ತೆರೆದು ಓದಿದರೆ ಉಳಿದವರ ಸಂಕೋಚವು ತಾನಾಗಿಯೇ ಬಿಡುವುದು. ಐದಾರು ಮಂದಿಯಿಂದ ಆರಂಭವಾದರೂ ಚಿಂತೆಯಿಲ್ಲ. ಮುಂದಿನ ಆಲಿಕಲ್ಲು ಬೀಳುವುದರೊಳಗಾಗಿ ಗ್ರಾಮದ ಪ್ರತಿ ಓಣಿಯಲ್ಲಿಯೂ ನಷ್ಟವನ್ನು ಕಾಲಕ್ಕೆ ಸರಿಯಾಗಿ ದಾಖಲಿಸಬಲ್ಲವನು ಒಬ್ಬನಾದರೂ ಸಿದ್ಧನಾಗಿದ್ದರೆ ಸಂಘದ ಶ್ರಮವು ಸಾರ್ಥಕವಾದಂತೆಯೇ ಸರಿ.