ಹೊಂಡದ ತಳವನ್ನು ಕೆದಕುವ ಮುನ್ನ

ಕಲಘಟಗಿಯ ಕಡೆಯ ಕೆಂಪುನೆಲದಲ್ಲಿ ಹಿರಿಯರು ತೋಡಿಸಿದ ಹೊಂಡವು ಹೂಳು ತುಂಬಿ ಬಯಲಾಗಿರುವುದನ್ನು ಕಂಡು, ಅದರಲ್ಲಿ ಮೀನು ಸಾಕಬೇಕೆಂಬ ಉತ್ಸಾಹದಿಂದ ಜೆಸಿಬಿಯನ್ನು ಕರೆಸಿ, ಆಳ ಹೆಚ್ಚಿದಷ್ಟೂ ಲಾಭವೆಂದು ಭಾವಿಸಿ ಗರಸು ಕಾಣುವವರೆಗೂ ಅಗೆಸಲು ಹೊರಟಿರುವ ಮಿತ್ರರೇ, ಒಂದು ಕ್ಷಣ ತಾಳಿರಿ. ಹೂಳಿನಡಿಯ ಜಿಗುಟುಮಣ್ಣಿನ ಪದರವೇ ಇಷ್ಟು ವರ್ಷ ನೀರನ್ನು ಹಿಡಿದಿಟ್ಟದ್ದು. ಅದನ್ನು ಸೀಳಿದರೆ ಮುಂಗಾರು ತುಂಬಿಸಿದ ಜಲವೆಲ್ಲ ದೀಪಾವಳಿಗೆ ಮುನ್ನವೇ ಪಾತಾಳವನ್ನು ಸೇರೀತು. ನವಲಗುಂದದ ಎರೆಭೂಮಿಯವರಿಗೆ ಈ ಭಯ ಕಡಿಮೆಯಾದರೂ, ಕಡಿದಾದ ದಡವು ಅಲ್ಲಿ ಮಳೆಗೆ ಕುಸಿಯುವುದರಿಂದ ಅದನ್ನು ಇಳಿಜಾರಾಗಿ ಕಡಿಸತಕ್ಕದ್ದು.

ಕಾಟ್ಲಾ ಮೇಲ್ನೀರಿನಲ್ಲಿಯೂ ರೋಹು ನಡುನೀರಿನಲ್ಲಿಯೂ ಮೃಗಾಲ್ ತಳದಲ್ಲಿಯೂ ಮೇಯುವ ಮೀನುಗಳು; ಮೂರಕ್ಕೂ 5-6 ಅಡಿ ನೀರು ಧಾರಾಳವಾಗಿ ಸಾಕು. ತೆಗೆದ ಕೆರೆಗೋಡನ್ನು ದಂಡೆಯ ಮೇಲೆ ರಾಶಿ ಹಾಕಿದರೆ ಮೊದಲ ಮಳೆಗೇ ಮರಳಿ ಒಳಗಿಳಿದೀತು. ಹೊಲಕ್ಕೆ ಹೇರಿರಿ, ಅದಕ್ಕಿಂತ ಒಳ್ಳೆಯ ಗೊಬ್ಬರ ನಿಮಗೆಲ್ಲಿ ದೊರೆತೀತು! ಮೃಗಶಿರಾ ಮಳೆಗೆ ಮುನ್ನ ತಳವನ್ನು ಬಿಸಿಲಿಗೆ ಒಣಗಲು ಬಿಟ್ಟು, ಗುಂಟೆಗೆ 2-3 ಕಿಲೋ ಸುಣ್ಣವನ್ನು ಚೆಲ್ಲಿ, ನೀರು ನಿಂತು ತಿಳಿಯಾದ ಮೇಲೆ ಬೆರಳುದ್ದದ ಮರಿಗಳನ್ನು ಗುಂಟೆಗೆ 50ಕ್ಕೆ ಮೀರದಂತೆ ಬಿಡಿರಿ. ಬೇಗ ಬೆಳೆಯುತ್ತದೆಂದು ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಮಾರಲು ಬಂದರೆ ಕೊಳ್ಳಬೇಡಿರಿ; ಅದರ ಸಾಕಣೆ ನಿಷಿದ್ಧ, ಮೇಲಾಗಿ ಹೊಂಡ ಕೋಡಿ ಹರಿದಾಗ ಹಳ್ಳಕ್ಕಿಳಿದು ನಮ್ಮ ನಾಡಮೀನುಗಳನ್ನೇ ನುಂಗುವುದು.